ಮಿನಿ ಟ್ರ್ಯಾಕ್ಟರ್ ತಗೊಳ್ಳೋ ಮುಂಚೆ ಗೇರ್‌ಬಾಕ್ಸ್ ನೋಡೋದು ಹೇಗೆ

ಪುಣೆ ಹತ್ರ ಮೋಶಿಯಲ್ಲಿ ಡಿಸೆಂಬರ್‌ನಲ್ಲಿ ನಡೆಯೋ ಕಿಸಾನ್ ಪ್ರದರ್ಶನಕ್ಕೆ ನಮ್ಮ ವಿಜಯಪುರ, ಬಾಗಲಕೋಟೆ, ಅಥಣಿ ಕಡೆಯವರು ತುಂಬಾ ಜನ ಬರ್ತಾರೆ. ಸಣ್ಣ ಟ್ರ್ಯಾಕ್ಟರ್ ಮುಂದೆ ನಿಂತ್ರೆ ಮೊದಲು ಕೇಳೋದು ಎಷ್ಟು ಎಚ್‌ಪಿ, ಆಮೇಲೆ ರೇಟು, ಆಮೇಲೆ ಸಬ್ಸಿಡಿ. ಗೇರ್‌ಬಾಕ್ಸ್ ವಿಷಯಕ್ಕೆ ಬಂದ್ರೆ ಎಷ್ಟು ಗೇರ್ ಅದಾವ ಅಂತ ಒಂದು ಮಾತು ಕೇಳಿ ಮುಂದಿನ ಸ್ಟಾಲಿಗೆ ಹೋಗ್ಬಿಡ್ತಾರೆ. ನಾನು ಭೋಸರಿಯ ಗೇರ್ ಕಟಿಂಗ್ ಶಾಪಿನಲ್ಲಿ ಕೆಲಸ ಮಾಡೋನು, ಊರು ತಿಕೋಟಾ ಕಡೆ, ಅಲ್ಲಿ ನಮ್ಮಣ್ಣ 5 ಎಕರೆ ದ್ರಾಕ್ಷಿ ಪಡ ನೋಡ್ಕೊಳ್ತಾನೆ. ಗೇರಿನ ಸಂಖ್ಯೆ ನೋಡಿ ಗಾಡಿ ತಗೋಬೇಡ್ರಿ, ನಿಮ್ಮ ಸಾಲಿನ ತುದೀಲಿ ಏನಾಗುತ್ತೆ ಅನ್ನೋದನ್ನ ನೋಡಿ ತಗೊಳ್ರಿ ಅಂತ ಹೇಳೋಕೇ ಇದನ್ನ ಬರೀತಿದೀನಿ.

ನಮ್ಮ ಮೊದಲನೇ ಮಿನಿ ಟ್ರ್ಯಾಕ್ಟರ್ ತಗೊಂಡಾಗ ಈ ಮಾತು ನಮಗೂ ಗೊತ್ತಿರ್ಲಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸೋದು) ಆಗಿ ಮಳೆ ಹಿಡ್ಕೊಂಡಿತ್ತು, ದಾವಣಿ ಅನ್ನೋ ಬೂಜು ರೋಗದ ಹೆದರಿಕೆಗೆ ದಿನ ಬಿಟ್ಟು ದಿನ ಎಣ್ಣೆ, ಅಂದ್ರೆ ಔಷಧಿ, ಹೊಡೀಬೇಕಿತ್ತು. ಅಣ್ಣ ಫೋನ್ ಮಾಡಿದ: "ತಮ್ಮಾ, ಸಾಲಿನ ತುದಿಗೆ ಬಂದ್ ಕೂಡ್ಲೇ ಗಾಡಿ ಪೂರಾ ನಿಂದ್ರಸಬೇಕು, ಇಲ್ಲಂದ್ರ ರಿವರ್ಸ್ ಬೀಳವಲ್ದು. ಕ್ಲಚ್ ಒತ್ತಿದ್ರ ಬ್ಲೋವರೂ ನಿಂದರ್ತದ." ಬ್ಲೋವರ್ ಅಂದ್ರೆ ಗಾಡಿ ಹಿಂದೆ ಕಟ್ಟಿ ಗಾಳಿ ಜೊತೆ ಎಣ್ಣೆ ಹೊಡೆಯೋ ಯಂತ್ರ. ಅವನು ಒಂದೇ ಉಸಿರಲ್ಲಿ ಹೇಳಿದ್ದು ಎರಡು ಬೇರೆ ಬೇರೆ ತೊಂದರೆ, ಒಂದು ಗೇರ್‌ಬಾಕ್ಸಿಂದು, ಇನ್ನೊಂದು ಕ್ಲಚ್ಚಿಂದು.

ಮೊದಲು ಕಾಗದ ಪೆನ್ ತಗೊಂಡು ಲೆಕ್ಕ ಹಾಕ್ರಿ

ಸಾಲಿಂದ ಸಾಲಿಗೆ 9 ಅಡಿ ಇದ್ರೆ ಒಂದು ಎಕರೆಗೆ 4,840 ಅಡಿ ಸಾಲು ಬರುತ್ತೆ, ಅಂದ್ರೆ ಹತ್ತಿರ ಹತ್ತಿರ 1,475 ಮೀಟರ್. ಒಂದೊಂದು ಸಾಲು 300 ಅಡಿ ಅಂತ ಹಿಡಿದ್ರೆ ಎಕರೆಗೆ 16 ಸಾಲು, 5 ಎಕರೆಗೆ 80. ತಿರುಗಿಸೋ ಜಾಗ ಕಿರಿದಾಗಿದ್ರೆ ಒಂದೇ ಸಲಕ್ಕೆ ಗಾಡಿ ಹೊರಳಲ್ಲ, ಮುಂದೆ ಹೋಗಿ ಹಿಂದೆ ಬಂದು ಮತ್ತೆ ಮುಂದೆ ಹೋಗಬೇಕು, ಅಂದ್ರೆ ಪ್ರತಿ ತಿರುವಿಗೆ ಎರಡು ಸಲ ದಿಕ್ಕು ಬದಲು. ಒಂದೇ ಸಲ ಎಣ್ಣೆ ಹೊಡೆಯೋದ್ರಲ್ಲಿ 160 ಸಲ ಆಯ್ತು. ಸೀಸನ್ ಪೂರ್ತಿ ಎಷ್ಟಾಗುತ್ತೆ ನೀವೇ ಗುಣಿಸಿ ನೋಡ್ರಿ. ಬರೀ ಕುಂಟೆ ಹೊಡೆಯೋಕೆ, ಟ್ರಾಲಿ ಎಳೆಯೋಕೆ ಗಾಡಿ ಬೇಕು ಅನ್ನೋರಿಗೆ ಈ ಸಂಖ್ಯೆ ತುಂಬಾ ಕಮ್ಮಿ ಬರುತ್ತೆ, ಅವರು ಹೆಚ್ಚು ದುಡ್ಡು ಹಾಕೋ ಅಗತ್ಯ ಇಲ್ಲ.

ಒಳಗೆ ಏನಿದೆ

ಸ್ಲೈಡಿಂಗ್ ಮೆಶ್ ಎಲ್ಲಕ್ಕಿಂತ ಹಳೇದು, ಸಸ್ತಾ. ಗೇರ್ ಚಕ್ರವೇ ಶಾಫ್ಟ್ ಮೇಲೆ ಜಾರಿ ಹೋಗಿ ಇನ್ನೊಂದು ಚಕ್ರದ ಹಲ್ಲಿಗೆ ಸೇರುತ್ತೆ. ಎರಡೂ ಬೇರೆ ಬೇರೆ ಸ್ಪೀಡಲ್ಲಿ ತಿರುಗ್ತಿದ್ರೆ ಕರ್ರ್ ಅಂತ ಸದ್ದು ಬರೋದು ಇಲ್ಲೇ. ಹಾಗೆ ಒತ್ತಾಯ ಮಾಡಿ ಹಾಕಿದ ಗೇರುಗಳು ನಮ್ಮ ಶಾಪಿಗೆ ಬರ್ತಾವೆ, ಹಲ್ಲಿನ ಮುಂದಿನ ಅಂಚು ಇಲಿ ಕಡಿದ ಹಾಗೆ ಆಗಿರುತ್ತೆ, ಮೂಲೆ ಉದುರಿರುತ್ತೆ, ಬೆರಳಾಡಿಸಿದ್ರೆ ಆಯಿಲ್ ಜೊತೆ ಕಬ್ಬಿಣದ ಪುಡಿ ಅಂಟ್ಕೊಳ್ಳುತ್ತೆ. ಗಾಡಿ ನಿಲ್ಲಿಸಿ ಗೇರ್ ಹಾಕೋ ಶಿಸ್ತು ಇರೋ ಡ್ರೈವರ್ ಕೈಯಲ್ಲಿ ಇದೇ ಗೇರ್‌ಬಾಕ್ಸ್ ವರ್ಷಗಟ್ಟಲೆ ಬಾಳುತ್ತೆ, ರಿಪೇರಿಯೂ ಯಾವ ಊರಲ್ಲಾದ್ರೂ ಆಗುತ್ತೆ. ಮಹೀಂದ್ರಾ ಯುವರಾಜ್ 215, ಸ್ವರಾಜ್ 717 ಇಂಥ 15 ಎಚ್‌ಪಿ ಗಾಡಿಗಳಲ್ಲಿ ಇರೋದು ಇದೇ, ಮುಂದಕ್ಕೆ 6 ಹಿಂದಕ್ಕೆ 3.

ಕಾನ್‌ಸ್ಟಂಟ್ ಮೆಶ್‌ನಲ್ಲಿ ಹಲ್ಲುಗಳು ಯಾವಾಗಲೂ ಕೂಡ್ಕೊಂಡೇ ಇರ್ತಾವೆ, ನೀವು ಲಿವರ್ ತಳ್ಳಿದಾಗ ನಡುವಿನ ಕಾಲರ್ ಅನ್ನೋ ಬಳೆ ಮಾತ್ರ ಸರಿದು ಒಂದು ಚಕ್ರವನ್ನ ಶಾಫ್ಟಿಗೆ ಹಿಡಿಸುತ್ತೆ. ಏಟು ಬಿದ್ರೂ ಕಾಲರಿಗೆ ಬೀಳುತ್ತೆ, ಗೇರಿನ ಹಲ್ಲು ಉಳಿಯುತ್ತೆ. ಕುಬೋಟಾ ನಿಯೋಸ್ಟಾರ್ ಎ211ಎನ್‌ನಲ್ಲಿ ಇದಿದೆ, 9 ಮತ್ತು 3.

ಇದಕ್ಕೇ ಸಿಂಕ್ರೋ ರಿಂಗ್ ಸೇರಿಸಿ, ಮುಂದೆ-ಹಿಂದೆಗೆ ಅಂತಾನೇ ಬೇರೆ ಲಿವರ್ ಕೊಟ್ರೆ ಅದು ಸಿಂಕ್ರೋ ಶಟಲ್. ಕಾಲರ್ ಕೂಡೋ ಮುಂಚೆ ರಿಂಗು ಗೇರಿನ ಕೋನ್ ಆಕಾರದ ಭಾಗಕ್ಕೆ ಉಜ್ಜಿ ಎರಡರ ಸ್ಪೀಡನ್ನೂ ಒಂದು ಮಾಡುತ್ತೆ. ಕ್ಲಚ್ ಒತ್ತಬೇಕು, ಆದ್ರೆ ಗೇರ್ ಹುಡುಕೋ ಕೆಲಸ ಇಲ್ಲ, ಯಾವ ಗೇರಲ್ಲಿ ಮುಂದೆ ಬಂದ್ರೋ ಅದೇ ಗೇರಲ್ಲಿ ಹಿಂದೆ. ಮಹೀಂದ್ರಾ 2023ರಲ್ಲಿ ತಂದ ಓಜಾದಲ್ಲಿ 12 ಮುಂದೆ 12 ಹಿಂದೆ ಇರೋದು ಇದಕ್ಕೇ. ಆ 160 ಸಲದ ಲೆಕ್ಕ ಇದ್ದೋರಿಗೆ ನಾನು ಹೇಳೋದು ಇದನ್ನೇ. ಪವರ್ ಶಟಲ್ ಅಂತ ಇನ್ನೊಂದಿದೆ, ದಿಕ್ಕು ಬದಲಿಸೋಕೆ ಕ್ಲಚ್ಚೂ ಬೇಡ, ಆಯಿಲ್ ಪ್ರೆಶರೇ ಆ ಕೆಲಸ ಮಾಡುತ್ತೆ, ಬೆಲೆ ಜಾಸ್ತಿ.

ಇನ್ನು ಹೈಡ್ರೋಸ್ಟಾಟಿಕ್. ಯೂಟ್ಯೂಬಲ್ಲಿ ಅಮೆರಿಕದ ವಿಡಿಯೋ ನೋಡಿ ನಮ್ಮ ಹುಡುಗರು ಇದನ್ನ ಕೇಳ್ತಾರೆ. ಇಂಜಿನ್ ಒಂದು ಪಂಪ್ ತಿರುಗಿಸುತ್ತೆ, ಪಂಪಿನ ಆಯಿಲ್ ಒಂದು ಮೋಟಾರ್ ತಿರುಗಿಸುತ್ತೆ, ಪೆಡಲ್ ಎಷ್ಟು ಒತ್ತಿದ್ರೆ ಅಷ್ಟು ಸ್ಪೀಡು, ನಡುವೆ ಗೇರ್ ಬದಲಿಸೋದೇ ಇಲ್ಲ. ಲೋಡರ್ ಕೆಲಸಕ್ಕೆ, ಹುಲ್ಲು ಕೊಯ್ಯೋಕೆ ಇದರಷ್ಟು ಸಲೀಸು ಬೇರೆ ಇಲ್ಲ. ಆದ್ರೆ ಆಯಿಲ್ ಬಿಸಿಯಾಗೋದ್ರಲ್ಲಿ ಶಕ್ತಿ ಹೋಗುತ್ತೆ. ಅಮೆರಿಕದಲ್ಲಿ ಮಾರಿದ ಕುಬೋಟಾ ಎಲ್2501 ನೋಡ್ರಿ, ಅದೇ ಇಂಜಿನ್, ಗೇರಿನ ಮಾಡೆಲ್‌ಗೆ ಪಿಟಿಓದಲ್ಲಿ (ಹಿಂದೆ ಕಟ್ಟಿದ ಯಂತ್ರ ತಿರುಗಿಸೋ ಶಾಫ್ಟು) 20.5 ಎಚ್‌ಪಿ, ಹೈಡ್ರೋಸ್ಟಾಟಿಕ್‌ಗೆ 19. ದಿನವಿಡೀ ರೋಟಾವೇಟರ್, ಬ್ಲೋವರ್ ಓಡಿಸೋ ನಮಗೆ ಆ ಒಂದೂವರೆ ಎಚ್‌ಪಿ ದೊಡ್ಡದು.

ಡೆಮೋ ದಿನ ಏನು ಮಾಡಬೇಕು

ಪ್ರದರ್ಶನದ ಕಾರ್ಪೆಟ್ ಮೇಲೆ ಲಿವರ್ ಅಲ್ಲಾಡಿಸಿ ನೋಡಿದ್ರೆ ಏನೂ ತಿಳಿಯಲ್ಲ. ಡೀಲರಿಗೆ ಹೇಳಿ ಗಾಡಿ ನಿಮ್ಮ ಹೊಲಕ್ಕೇ ತರಿಸ್ರಿ, ನಿಮ್ಮದೇ ಬ್ಲೋವರ್ ಕಟ್ಟಿಸ್ರಿ. 30 ಮೀಟರ್ ಅಳೆದು ಎರಡು ಗೂಟ ನೆಡ್ರಿ. ಪಿಟಿಓ ನಿಮಿಷಕ್ಕೆ 540 ಸುತ್ತು ಬರೋ ಆರ್‌ಪಿಎಂಗೆ ಇಂಜಿನ್ ಇಟ್ಟು ಒಂದೊಂದೇ ಗೇರಲ್ಲಿ ಓಡಿಸಿ ಮೊಬೈಲಲ್ಲಿ ಸೆಕೆಂಡ್ ನೋಡ್ರಿ, 108ನ್ನ ಆ ಸೆಕೆಂಡಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತೆ. 54 ಸೆಕೆಂಡ್ ಅಂದ್ರೆ 2, 36 ಅಂದ್ರೆ 3, 27 ಅಂದ್ರೆ 4. ನಿಮಗೆ ಬೇಕಾಗೋದು ಒಂದೂವರೆಯಿಂದ ಐದರ ಒಳಗೆ ಎಷ್ಟು ಗೇರ್ ಅನ್ನೋದು, 12 ಗೇರ್ ಇದ್ದೂ ಎರಡೇ ಇಲ್ಲಿ ಬಿದ್ರೆ ಉಳಿದವು ರೋಡಿಗೆ ಅಷ್ಟೇ. ಇದೇನು ಸಣ್ಣ ವಿಷಯ ಅಲ್ಲ: ಬ್ಲೋವರ್ ನಿಮಿಷಕ್ಕೆ 10 ಲೀಟರ್ ಬಿಡ್ತಿದ್ರೆ 3ರ ಸ್ಪೀಡಲ್ಲಿ ಎಕರೆಗೆ 295 ಲೀಟರ್ ಬೀಳುತ್ತೆ, 4ರಲ್ಲಿ 221. ನಡುವೆ ಗೇರ್ ಇಲ್ದಿದ್ರೆ ಒಂದೋ ಎಣ್ಣೆ ವೇಸ್ಟು, ಇಲ್ಲಾ ಎಲೆ ಒಣಗೇ ಉಳಿಯುತ್ತೆ.

ಆಮೇಲೆ ಸಾಲಿನ ತುದೀಲಿ ಹತ್ತು ಸಲ ಮುಂದೆ-ಹಿಂದೆ ಮಾಡ್ರಿ, ಅದೂ ಗಾಡಿ ಒಂದು ಗಂಟೆ ಓಡಿ ಆಯಿಲ್ ಬಿಸಿಯಾದ ಮೇಲೆ. ಗಾಡಿ ಓಡಿಸೋರೇ ಕೂತು ಮಾಡಲಿ, ಶೋರೂಮ್ ಹುಡುಗ ಬೇಡ. ಹಳೇ ಗಾಡಿ ಆದ್ರೆ ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡ್ರಿ, ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದ್ರೆ ಒಳಗೆ ಸವೆದಿದೆ ಅಂತ ಅರ್ಥ.

ಕ್ಲಚ್ ಮಾತ್ರ ಮರೀಬೇಡ್ರಿ. ಸಿಂಗಲ್ ಕ್ಲಚ್ ಇದ್ರೆ ಒತ್ತಿದ ತಕ್ಷಣ ಚಕ್ರದ ಜೊತೆ ಪಿಟಿಓನೂ ನಿಲ್ಲುತ್ತೆ. ಡ್ಯುಯಲ್ ಕ್ಲಚ್ಚಲ್ಲಿ ಅರ್ಧ ಒತ್ತಿದ್ರೆ ಚಕ್ರ ಮಾತ್ರ ನಿಲ್ಲುತ್ತೆ, ಪೂರ್ತಿ ಒತ್ತಿದ್ರೆ ಪಿಟಿಓ. ತಿರುವಲ್ಲಿ ನಾವು ನಾಝಲ್ ಕಾಕ್ ಮುಚ್ಚಿದ್ರೂ ಪಂಪು ತಿರುಗ್ತಾನೇ ಇರಬೇಕು, ಅದು ನಿಂತ್ರೆ ಪ್ರೆಶರ್ ಬಿದ್ದು, ಮತ್ತೆ ಏರೋವರೆಗೆ ಸಾಲಿನ ಮೊದಲ ಗಿಡಗಳಿಗೆ ಎಣ್ಣೆ ಸರಿಯಾಗಿ ತಾಗಲ್ಲ. ಅಣ್ಣನ ಪಡದಲ್ಲಿ ಆ ವರ್ಷ ದಾವಣಿ ಮೊದಲು ಕಾಣಿಸಿದ್ದು ಸಾಲಿನ ತುದಿಯ ಗಿಡಗಳಲ್ಲೇ.

ಆಯಿಲ್ ಬಗ್ಗೆ ಒಂದೇ ಮಾತು: ತುಂಬಾ ಗಾಡಿಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಸಿಗೂ ಒಂದೇ ಆಯಿಲ್ ಇರುತ್ತೆ, ಅದಕ್ಕೇ ಹೈಡ್ರಾಲಿಕ್ ಪೈಪ್ ಜೋಡಿಸೋ ಮುಂಚೆ ಕಪ್ಲರ್ (ಪೈಪ್ ಕೂಡೋ ಬಾಯಿ) ಒರೆಸ್ರಿ, ಅಲ್ಲಿ ಹೋದ ಮಣ್ಣು ಗೇರಿನ ಹಲ್ಲಿಗೂ ಹೋಗುತ್ತೆ.

ಅಣ್ಣ ಈಗ ಸಿಂಕ್ರೋ ಶಟಲ್, ಡ್ಯುಯಲ್ ಕ್ಲಚ್ ಇರೋ ಗಾಡಿ ತಗೊಂಡಿದಾನೆ. ಮೊನ್ನೆ ಫೋನ್ ಮಾಡಿದ್ರೆ ಅವನ ಮಗ ಎತ್ತಿದ, ಹಿಂದೆ ಬ್ಲೋವರ್ ಸದ್ದು ಒಂದೇ ಸಮ ಕೇಳ್ತಿತ್ತು. "ಕಾಕಾ, ಅಪ್ಪ ಸಾಲಿನ ತುದ್ಯಾಗ ಅದಾನ, ಹೊಳ್ಳಸಾಕತ್ತಾನ, ಆಮ್ಯಾಲ ಮಾಡಸ್ತೀನಿ" ಅಂದ. ಸದ್ದು ನಿಲ್ಲಲೇ ಇಲ್ಲ.