ಮಕ್ಕಳಿಗೆ ಮೊದಲ ಸ್ಕೂಟರ್ ಕೊಡಿಸುವ ಮುಂಚೆ

ಪಿಯುಸಿ ಮುಗಿದ ಕೂಡಲೇ ಗಾಡಿ ಬೇಕೆಂಬ ಹಠ ಶುರುವಾಗುತ್ತದೆ, ಅಲ್ವಾ? 110 ಸಿಸಿ ಸ್ಕೂಟರ್ ಸಾಕು. ಆದರೆ ಅದಕ್ಕೂ 18 ತುಂಬಿ ಲೈಸೆನ್ಸ್ ಬಂದಿರಬೇಕು. ಮುಂಚೆಯೇ ಕೀ ಕೊಟ್ಟರೆ ತಂದೆತಾಯಿಗೆ 25,000 ರೂಪಾಯಿ ದಂಡ, ಜೈಲೂ ಆಗಬಹುದು.

ಶೋರೂಮಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಕೂರಿಸಿ ನೋಡಿ. ಎರಡೂ ಪಾದ ನೆಲಕ್ಕೆ ಊರಬೇಕು. ಸೆಂಟರ್ ಸ್ಟ್ಯಾಂಡ್ ಅವರೇ ಹಾಕಲಿ.

ಸೆಕೆಂಡ್ ಹ್ಯಾಂಡ್ ಆದರೆ 2019ರ ಏಪ್ರಿಲ್ ನಂತರ ತಯಾರಾದದ್ದನ್ನೇ ಹುಡುಕಿ. ಅವುಗಳಲ್ಲಿ ಸಿಬಿಎಸ್ ಎಂಬ ಜೋಡಿ ಬ್ರೇಕ್ ವ್ಯವಸ್ಥೆ ಇರುತ್ತದೆ. ಎಡಗೈ ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ಬೀಳುತ್ತದೆ. ಹೊಸಬರು ಗಾಬರಿಯಲ್ಲಿ ಒಂದೇ ಬ್ರೇಕ್ ಅದುಮುವುದು ಜಾಸ್ತಿ. ಮುಂದೆ ಡಿಸ್ಕ್ ಇದ್ದರೆ ಇನ್ನೂ ಒಳ್ಳೆಯದು. ಟೈರ್ ಸವೆದಿದ್ದರೆ ಮೊದಲು ಬದಲಾಯಿಸಿ.

ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ತಲೆಗೆ ಹಾಕಿ ನೋಡಿಯೇ ಕೊಳ್ಳಿ.