ಬಿಲ್ಲಿಗೆ ಮರ ಆರಿಸುವಾಗ ನಾನು ನೋಡುವುದು

ಬಿಲ್ಲು ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಯಾವ ಮರ ಒಳ್ಳೆಯದು? ನಾನು ಮರದ ಹೆಸರಿಗಿಂತ ಮೊದಲು ನಾರು ನೋಡುತ್ತೇನೆ. ಅದು ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದೆ ಓಡಿರಬೇಕು. ಬಿಲ್ಲು ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ನಮ್ಮ ಕಡೆಯ ಮೈ ಕುಗ್ಗುತ್ತದೆ. ಹಿಗ್ಗುವ ಮೈಯಲ್ಲಿ ನಾರು ಓರೆಯಾಗಿ ಕಡಿದುಹೋಗಿದ್ದರೆ ಅಲ್ಲಿಂದಲೇ ಸಿಬಿರು ಏಳುತ್ತದೆ. ಅದಕ್ಕೇ ಸಾಮಿಲ್ ಹಲಗೆಗಿಂತ ಬೆಣೆ ಹೊಡೆದು ಸೀಳಿದ ತುಂಡೇ ನನಗೆ ಇಷ್ಟ. ಗರಗಸ ತನ್ನ ಗೆರೆಯಲ್ಲಿ ಹೋಗುತ್ತದೆ, ಸೀಳು ನಾರಿನ ದಾರಿ ಹಿಡಿಯುತ್ತದೆ. ಸೀಳಿದ ತುಂಡು ತಿರುಚಿಕೊಂಡು ಬಂತೋ, ಆ ಮರ ಬಿಲ್ಲಿಗೆ ಬೇಡ.

ಹೊಸಬರು ಬಿದಿರಿನಿಂದ ಶುರು ಮಾಡುವುದು ಒಳ್ಳೆಯದು. ಒಳಗೆ ಹೆಚ್ಚು ಟೊಳ್ಳಿಲ್ಲದ, ಗೋಡೆ ದಪ್ಪ ಇರುವ ಜಾತಿ ಸಿಕ್ಕರೆ ಇನ್ನೂ ಚೆನ್ನ. ಎಳೆಯ ಗಳ ಕಡಿಯಬೇಡಿ, ಮೂರ್ನಾಲ್ಕು ವರ್ಷ ಬಲಿತದ್ದು ಬೇಕು. ಬಲಿತ ಗಳದ ಪೊರೆ ಉದುರಿರುತ್ತದೆ, ಮೈಮೇಲೆ ಅಲ್ಲಲ್ಲಿ ಪಾಚಿಯ ಕಲೆ ಕೂತಿರುತ್ತದೆ, ಕತ್ತಿಯ ಬೆನ್ನಿನಿಂದ ಬಡಿದರೆ ಖಣ್ ಅಂತ ಸದ್ದು ಬರುತ್ತದೆ. ಕಡಿದ ಜಾಗವನ್ನು ಹತ್ತಿರ ಹಿಡಿದು ನೋಡಿ. ಹೊರಸಿಪ್ಪೆಯ ಬಳಿ ಕಪ್ಪು ಚುಕ್ಕೆಗಳು ಒತ್ತಾಗಿವೆ, ಒಳಗೆ ಹೋದಂತೆ ವಿರಳವಾಗುತ್ತವೆ, ಅಲ್ವಾ? ಆ ಚುಕ್ಕೆಗಳೇ ನಾರಿನ ಕಟ್ಟುಗಳು. ಬಿದಿರಿನ ಶಕ್ತಿಯೆಲ್ಲ ಸಿಪ್ಪೆಯ ಪಕ್ಕದಲ್ಲೇ ಇದೆ. ಹಾಗಾಗಿ ಸಿಪ್ಪೆಯ ಮೈಯನ್ನು ಗುರಿಯ ಕಡೆಗೆ ಇಟ್ಟು, ಅದನ್ನು ಮುಟ್ಟದೆ, ಒಳಗಿನಿಂದ ಮಾತ್ರ ಹೆರೆಯುತ್ತೇನೆ. ಚೆಂದ ಕಾಣಲಿ ಅಂತ ಹೊರಗಿನ ಗೆಣ್ಣನ್ನು ಕೆತ್ತಿ ಸಮ ಮಾಡಬಾರದು. ಗೆಣ್ಣಿನಲ್ಲೇ ನಾರು ಕಡಿದುಹೋಗುತ್ತದೆ.

ಹೆರೆಯುವಾಗ ಆತುರ ಬೇಡ. ಅಗಲ ಎರಡು ಪಟ್ಟಾದರೆ ಬಿಲ್ಲಿನ ಬಿಗಿ, ಅಂದರೆ ಬಗ್ಗಿಸಲು ಬೇಕಾಗುವ ಬಲ, ಎರಡು ಪಟ್ಟಾಗುತ್ತದೆ, ದಪ್ಪ ಎರಡು ಪಟ್ಟಾದರೆ ಎಂಟು ಪಟ್ಟು. ದಪ್ಪದಲ್ಲಿ ಹತ್ತರಲ್ಲೊಂದು ಪಾಲು ಹೋದರೂ ಬಿಗಿ ಕಾಲುಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ.

ಮರದಲ್ಲೇ ಮಾಡಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ತಡಸಲು. ಹಿಂದಿನವರು ಕೊಡಲಿ ಕಾವಿಗೂ ಗಾಡಿಯ ಮೂಕಿಗೂ ಬಳಸುತ್ತಿದ್ದ ಮರ ಇದು. ಪೆಟ್ಟು ತಡೆಯುತ್ತದೆ, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಿಲ್ಲಿಗೆ ಬೇಕಾದ್ದೂ ಅದೇ. ಕಾಡಿಗೆ ಹೋಗಿ ಕಡಿದು ತರುವ ಮಾತೇ ಬೇಡ. ಸ್ವಂತ ಜಮೀನಿನ ಮರವಾದರೂ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಮುಟ್ಟಿ. ಅಡಿಕೆ ದಬ್ಬೆಯೂ ಬಿಲ್ಲಾಗುತ್ತದೆ. ಹಳೇ ಮರದ ಹೊರಭಾಗದ ಗಟ್ಟಿ ನಾರು ಉಳಿಸಿಕೊಂಡು ಒಳಗಿನ ಮೆತ್ತನೆಯದನ್ನು ತೆಗೆಯಬೇಕು. ಸಿಬಿರು ಮಾತ್ರ ಜಾಸ್ತಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ತೇಗ ಬಾಗಿಲಿಗೆ ಎಷ್ಟೇ ಒಳ್ಳೆಯದಾದರೂ ಬಿಲ್ಲಿಗೆ ನಾನು ಬಳಸುವುದಿಲ್ಲ.

ಗೊತ್ತಿಲ್ಲದ ಮರ ಕೈಗೆ ಬಂದರೆ ಕಿರುಬೆರಳು ದಪ್ಪದ ಕಡ್ಡಿ ಸೀಳಿ, ಒಣಗಿಸಿ, ಬಗ್ಗಿಸಿ ಮುರಿಯುತ್ತೇನೆ. ಉದ್ದುದ್ದ ಸಿಬಿರಾಗಿ, ಬಿಡಲು ಮನಸ್ಸಿಲ್ಲದಂತೆ ಮುರಿದರೆ ಆ ಮರ ನನ್ನದು. ಬೆಂಡೆಕಾಯಿ ತುದಿ ಮುರಿದ ಹಾಗೆ ಪಟ್ ಅಂದರೆ ಒಲೆಗೆ ಹೋಗುತ್ತದೆ.

ಇನ್ನು ಒಣಗಿಸುವುದು. ಬಿದಿರನ್ನು ಮಳೆಗಾಲ ಮುಗಿದ ಮೇಲೆ, ಚಳಿಗಾಲದಲ್ಲಿ ಕಡಿಯುತ್ತೇನೆ. ಆಗ ಅದರಲ್ಲಿ ಹಿಟ್ಟಿನ ಅಂಶ ಕಡಿಮೆ, ಕುಟ್ಟೆ ಹುಳದ ಕಾಟವೂ ಕಡಿಮೆ. ಸೌದೆ ಒಲೆ ಇರುವ ಮನೆಯಲ್ಲಿ ಅಟ್ಟದ ಹೊಗೆಗಿಂತ ಒಳ್ಳೆಯ ಜಾಗ ಬಿದಿರಿಗೆ ಇಲ್ಲ. ಮರದ ತುಂಡಾದರೆ ಎರಡೂ ತುದಿಗೆ ಮೇಣ ಅಥವಾ ಪೇಂಟ್ ಬಳಿದು ನೆರಳಿನಲ್ಲಿ ಇಡಿ. ಇಲ್ಲದಿದ್ದರೆ ತುದಿ ಬೇಗ ಒಣಗಿ ಬಿರುಕು ಬಿಡುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು. ಆಗಾಗ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಶುರು ಮಾಡಿ. ಹಸಿ ಉಳಿದಿದ್ದರೆ ಹೆದೆ ಬಿಚ್ಚಿದ ಮೇಲೂ ಬಿಲ್ಲು ಬಾಗಿಯೇ ಕೂರುತ್ತದೆ, ಬಾಣಕ್ಕೆ ವೇಗ ಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದ ಮರವೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ನಾನು ಬಿಲ್ಲು ಹೆರೆಯುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಜೂನ್ ಬರುವುದರೊಳಗೆ ಎರಡು ಕೈ ಎಣ್ಣೆ ಹಚ್ಚಿ ಮುಗಿಸಿರುತ್ತೇನೆ.