ಎಂಟು ಸುತ್ತಿನ ಟ್ಯಾಂಕಿನಲ್ಲಿ ಒಂಬತ್ತು ಸುತ್ತು: ನ್ಯೂರ್ಬರ್ಗ್‌ರಿಂಗ್ 24 ಗಂಟೆ, ನನ್ನ ಅನುಭವ

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ನಡೆಯುವ 24 ಗಂಟೆ ರೇಸನ್ನು 1998ರಲ್ಲಿ ಗೆದ್ದದ್ದು ಡೀಸೆಲ್ ಕಾರು, ಬಿಎಂಡಬ್ಲ್ಯು 320ಡಿ. ಓಡಿಸಿದ ನಾಲ್ವರಲ್ಲಿ ಹಾನ್ಸ್-ಯೋವಾಖಿಮ್ ಷ್ಟುಕ್ ಒಬ್ಬರು. ಪೆಟ್ರೋಲ್ ಕಾರುಗಳಿಗಿಂತ ಕಡಿಮೆ ಸಲ ಪಿಟ್‌ಗೆ (ಇಂಧನ ತುಂಬಿಸುವ ನಿಲ್ದಾಣಕ್ಕೆ) ಬಂದದ್ದೇ ಆ ಗೆಲುವಿನ ಗುಟ್ಟು. ಕಂಪ್ಯೂಟರಿನಲ್ಲಿ ಆನ್‌ಲೈನ್ ಆಡುವ ಐರೇಸಿಂಗ್ ಸಿಮ್ಯುಲೇಟರಿನಲ್ಲಿ ಇದೇ ಟ್ರ್ಯಾಕಿನ 24 ಗಂಟೆ ರೇಸಿಗೆ ನಾವೂ ಇದೇ ಲೆಕ್ಕ ಹಾಕೋಣ ಅಂದಾಗ ತಂಡದ ಚಿಕ್ಕವನು ನಕ್ಕುಬಿಟ್ಟ. "ಗುರು, ಪೆಟ್ರೋಲ್ ಉಳಿಸೋಕೆ ನಾವೇನು ಇಳಿಜಾರಲ್ಲಿ ಎಂಜಿನ್ ಆಫ್ ಮಾಡೋ ಆಟೋನವ್ರಾ?"

ಅವನು ಜರ್ಮನ್ ರೇಸ್ ಚಾಲಕ ಷ್ಟೆಫಾನ್ ಬೆಲೋಫ್ ಭಕ್ತ. 1983ರಲ್ಲಿ ಪೋರ್ಷೆ 956ರಲ್ಲಿ ಬೆಲೋಫ್ ಮಾಡಿದ 6 ನಿಮಿಷ 11.13 ಸೆಕೆಂಡಿನ ನ್ಯೂರ್ಬರ್ಗ್‌ರಿಂಗ್ ಸುತ್ತು ಅವನಿಗೆ ಬಾಯಿಪಾಠ. ಅದೇ ವಾರಾಂತ್ಯದ ರೇಸಿನಲ್ಲಿ ಬೆಲೋಫ್ ಫ್ಲಾನ್ಸ್‌ಗಾರ್ಟನ್ ಅನ್ನುವ ಜಾಗದ ಹತ್ತಿರ ಕಾರು ನುಚ್ಚುನೂರು ಮಾಡಿಕೊಂಡದ್ದನ್ನು ಮಾತ್ರ ಹೇಳುವುದಿಲ್ಲ. ನನಗೆ ಷ್ಟುಕ್ ಹಿಡಿಸಿದ್ದು ಅದಕ್ಕೇ. 1970ರಲ್ಲಿ, ಇನ್ನೂ 19ರ ಹುಡುಗ, ಮೊಟ್ಟಮೊದಲ ನ್ಯೂರ್ಬರ್ಗ್‌ರಿಂಗ್ 24 ಗಂಟೆ ಗೆದ್ದರು. 2004ರಲ್ಲಿ ಮತ್ತೆ ಗೆದ್ದರು, ಆಗ ವಯಸ್ಸು 53. ನಡುವೆ 1985ರ ವಿಶ್ವ ಎಂಡ್ಯೂರೆನ್ಸ್ ಪಟ್ಟ, 1986 ಮತ್ತು 87ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನ ಗೆಲುವು. ಗ್ರೂಪ್ ಸಿ ಅನ್ನುವ ವರ್ಗದ ರೇಸ್ ಕಾರುಗಳ ಆ ಕಾಲದಲ್ಲಿ ಇಂಧನಕ್ಕೆ ರೇಷನ್ ಇತ್ತು: 1985ರಲ್ಲಿ ಸಾವಿರ ಕಿ.ಮೀ. ರೇಸಿಗೆ 510 ಲೀಟರ್, ಅಷ್ಟೇ. ಬಲಗಾಲನ್ನು ಹತೋಟಿಯಲ್ಲಿಟ್ಟುಕೊಳ್ಳದವನು ಕೊನೆ ಸುತ್ತಿನಲ್ಲಿ ರಸ್ತೆ ಬದಿಗೆ ನಿಲ್ಲುತ್ತಿದ್ದ.

ನಮ್ಮದು ನಾಲ್ಕು ಜನರ ತಂಡ. ನಾನು ಕೊಲೋನ್ ಹತ್ತಿರ, ಒಬ್ಬ ಷ್ಟುಟ್‌ಗಾರ್ಟ್‌ನಲ್ಲಿ, ಇಬ್ಬರು ಬೆಂಗಳೂರಿನಲ್ಲಿ. ಕಾರು ಜಿಟಿ3 (ಸ್ಪೋರ್ಟ್ಸ್ ಕಾರುಗಳ ರೇಸ್ ವರ್ಗ), ಟ್ಯಾಂಕು ನೂರು ಲೀಟರಿನ ಆಸುಪಾಸು. ಮಾಮೂಲಿಯಾಗಿ ಓಡಿಸಿದರೆ ಎಂಟು ಸುತ್ತಿಗೆ ಪಿಟ್. ಆಗ ಟ್ಯಾಂಕಿನಲ್ಲಿ ಇನ್ನೂ ಆರೇಳು ಲೀಟರ್ ಇರುತ್ತಿತ್ತು, ಆದರೆ 25 ಕಿ.ಮೀ.ಗಿಂತ ಉದ್ದದ ಒಂಬತ್ತನೇ ಸುತ್ತಿಗೆ ಅದು ಸಾಲದು. ಸುತ್ತಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಉಳಿಸಿದರೆ ಒಂಬತ್ತಾಗುತ್ತದೆ. 24 ಗಂಟೆಯಲ್ಲಿ ಸುಮಾರು 170 ಸುತ್ತು ಅಂತ ಹಿಡಿದರೆ ಮೂರು ಪಿಟ್ ಕಡಿಮೆ. ಒಂದು ಪಿಟ್‌ಗೆ ಒಂದೂವರೆ ನಿಮಿಷ ಅಂದುಕೊಳ್ಳಿ, ಮೂರಕ್ಕೆ ನಾಲ್ಕೂವರೆ. ಅಂದರೆ ಉಳಿತಾಯಕ್ಕಾಗಿ ಸುತ್ತಿಗೆ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಕಳೆದುಕೊಂಡರೆ ಅಸಲೂ ಹೋಯಿತು.

ಮೊದಮೊದಲು ಹೋದದ್ದೂ ಹಾಗೆಯೇ. ಎಲ್ಲ ತಿರುವಿನ ಮುಂಚೆಯೂ ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟರೆ ಸುತ್ತಿಗೆ ನಾಲ್ಕು ಸೆಕೆಂಡ್ ನಷ್ಟ. ಬೇಗ ಮೇಲಿನ ಗೇರಿಗೆ ಹಾಕಿ ನೋಡಿದೆವು, ಏರಿನಲ್ಲಿ ಕಾರು ಸತ್ತೇ ಹೋಗುತ್ತಿತ್ತು. ಕಾರಿನ ಹಿಂದಿನ ರೆಕ್ಕೆ ತಗ್ಗಿಸಿ ಗಾಳಿಯ ತಡೆ ಕಡಿಮೆ ಮಾಡಿದೆವು. ಇಂಧನ ಉಳಿಯಿತು, ಶ್ವೇಡೆನ್‌ಕ್ರಾಯ್ಟ್ಸ್ ಅನ್ನುವ ವೇಗದ ತಿರುವಿನಲ್ಲಿ ಕಾರು ಉಳಿಯಲಿಲ್ಲ. ಒಂದು ವರ್ಷವಂತೂ ರಾತ್ರಿ ಯಾರದೋ ಮನೆಯ ಇಂಟರ್ನೆಟ್ ಕೈಕೊಟ್ಟು, ಲೆಕ್ಕ ಸರಿಯಿತ್ತೋ ಇಲ್ಲವೋ ಅಂತ ತಿಳಿಯುವ ಮೊದಲೇ ರೇಸು ಮುಗಿದಿತ್ತು.

ಕೊನೆಗೆ ಫಲ ಕೊಟ್ಟ ದಾರಿ ಇದು. ಬ್ರೇಕ್ ಜೋರಾಗಿ ಬೀಳುವ ನಾಲ್ಕೈದು ಕಡೆ ಮಾತ್ರ ಥ್ರಾಟಲ್ ಮುಂಚೆ ಬಿಡುವುದು: ಜಿಪಿ ಟ್ರ್ಯಾಕಿನ (ಸುತ್ತಿನ ಹೊಸ ಭಾಗ) ಮೊದಲ ತಿರುವು, ಆರೆಂಬರ್ಗ್, ಫುಕ್ಸ್‌ರೋರೆ ಇಳಿದು ಅಡೆನಾವರ್ ಫೋರ್ಸ್ಟ್‌ಗೆ ಏರುವ ಮೊದಲು, ಆಮೇಲೆ ವೆರ್‌ಜೈಫೆನ್. ಬ್ರೇಕ್ ಒತ್ತಡವನ್ನು ಎಂದಿಗಿಂತ ಕಡಿಮೆ ಮಾಡಿ, ತಿರುವಿನೊಳಗಿನ ವೇಗ ಮಾತ್ರ ಒಂದಿಷ್ಟೂ ಬಿಡಬಾರದು. ಡೊಟ್ಟಿಂಗರ್ ಹೋಹೆಯ ನೇರದಲ್ಲಿ ಮುಂದಿನ ಕಾರನ್ನು ದಾಟುವ ಆಸೆ ಬಿಟ್ಟು ಅದರ ಗಾಳಿಯ ಮರೆಯಲ್ಲೇ ಕೂತರೆ ಅರ್ಧ ಉಳಿತಾಯ ಅಲ್ಲೇ ಆಗುತ್ತದೆ. ಕೆಸೆಲ್ಶೆನ್ ಏರಿನಲ್ಲಿ ನಾವು ಏನು ಮಾಡುತ್ತೇವೆ ಅನ್ನುವುದು ಮಾತ್ರ ತಂಡದೊಳಗೇ ಇರಲಿ. ಕಾರಿನ ಹೊಂದಾಣಿಕೆಗಳಿರುವ ಸೆಟಪ್ ಫೈಲ್ ಕೂಡ ಕೇಳಬೇಡಿ.

ದುಡ್ಡಿನ ಮಾತು. ಡೈರೆಕ್ಟ್ ಡ್ರೈವ್ (ಮೋಟರಿಗೇ ನೇರ ಜೋಡಿಸಿದ) ಸ್ಟಿಯರಿಂಗಿಗೆ ಏಳುನೂರು ಯೂರೋ ಸುರಿದೆ. ಈ ಕೆಲಸಕ್ಕೆ ಅದು ಬೇಕಿರಲಿಲ್ಲ. ಬೇಕಿದ್ದದ್ದು ಒತ್ತಿದ ಬಲವನ್ನು ಅಳೆಯುವ ಲೋಡ್‌ಸೆಲ್ ಬ್ರೇಕ್ ಪೆಡಲ್, ಸೆಕೆಂಡ್ ಹ್ಯಾಂಡಿನಲ್ಲಿ ಅದರ ಕಾಲುಭಾಗಕ್ಕೆ ಸಿಕ್ಕಿತು. ಬೆಂಗಳೂರಿನವರು ಯುಪಿಎಸ್‌ಗೆ, ಎರಡನೇ ಇಂಟರ್ನೆಟ್ ಲೈನಿಗೆ ಹಾಕಿದ ದುಡ್ಡು ಒಂದು ರೂಪಾಯಿಯೂ ದಂಡವಾಗಲಿಲ್ಲ. ನಿಜವಾದ ರಿಂಗಿನಲ್ಲೂ ನನ್ನ ಹಳೇ ಗಾಲ್ಫ್‌ನಲ್ಲಿ ಪ್ರಯೋಗಕ್ಕೆ ಹೋದೆ, ಸುತ್ತಿಗೆ ಮೂವತ್ತು ಯೂರೋ ಚಿಲ್ಲರೆ. ಹಿಂದಿನಿಂದ ಬರುವ ಕಾರುಗಳಿಗೆ ದಾರಿ ಬಿಡುವುದರಲ್ಲೇ ದಿನ ಹೋಯಿತು. ಇಂಧನದ ಬಗ್ಗೆ ಕಲಿತದ್ದು ಸೊನ್ನೆ. ಆದರೆ ಫುಕ್ಸ್‌ರೋರೆಯ ತಳದಲ್ಲಿ ಹೊಟ್ಟೆ ಕೆಳಗಿಳಿಯುವುದನ್ನು ಯಾವ ಪರದೆಯೂ ತೋರಿಸುವುದಿಲ್ಲ. ಆಫೀಸಿಗೆ ಹೋಗುವ ಆಟೋಬಾನ್‌ನಲ್ಲೂ (ಜರ್ಮನಿಯ ಹೆದ್ದಾರಿ) ಕೆಲವು ವಾರ ಇಂಧನ ಉಳಿಸುವ ಇದೇ ಚಟ ಹತ್ತಿತ್ತು. ಹೆಂಡತಿ ಪಕ್ಕದಲ್ಲಿ ಕೂರುವುದನ್ನೇ ಬಿಟ್ಟಳು.

ಇನ್ನೊಂದು ಲಾಭ ಪುಕ್ಕಟೆ ಸಿಕ್ಕಿತು. ಜರ್ಮನಿಯಲ್ಲಿ ಬೆಳಗಿನ ಜಾವ ಮೂರು ಅಂದರೆ ಬೆಂಗಳೂರಿನಲ್ಲಿ ಆರೂವರೆ. ಬೇರೆ ತಂಡಗಳು ಕಣ್ಣು ಉಜ್ಜಿಕೊಳ್ಳುವ ಹೊತ್ತಿಗೆ ನಮ್ಮವನು ಕಾಫಿ ಕುಡಿದು ಕೂತಿರುತ್ತಾನೆ. ಕಳೆದ ರೇಸಿನಲ್ಲಿ ನಾವು ಹೆಚ್ಚು ಸ್ಥಾನ ಏರಿದ್ದು ಆ ಹೊತ್ತಿನ ಎರಡು ಸ್ಟಿಂಟ್‌ಗಳಲ್ಲೇ (ಒಬ್ಬನೇ ಒಂದು ಪಿಟ್‌ನಿಂದ ಇನ್ನೊಂದರವರೆಗೆ ಓಡಿಸುವ ಸರದಿ).

ಕೊನೆಗೆ ನಮ್ಮ ಸ್ಪ್ಲಿಟ್‌ನಲ್ಲಿ (ಸಮಬಲದ ತಂಡಗಳನ್ನು ಹಂಚಿದ ಗುಂಪು) ಆರನೆಯವರಾದೆವು. ಅರ್ಹತಾ ಸುತ್ತಿನಲ್ಲಿ ಇಪ್ಪತ್ತರಿಂದಾಚೆ ಇದ್ದವರು. ಬೆಲೋಫ್ ಭಕ್ತ ಕೊನೆಯ ಸ್ಟಿಂಟ್‌ನಲ್ಲಿ ತಾನಾಗಿಯೇ ಸುತ್ತಿಗೆ 11 ಲೀಟರಿಗೆ ಇಳಿಸಿದ್ದ, ನಾನು ಹೇಳಿರಲಿಲ್ಲ. ಈಗ ಅವನಿಗೆ ಹತ್ತು ಸುತ್ತಿನ ಹುಚ್ಚು ಹಿಡಿದಿದೆ. ಲೆಕ್ಕ ಹಾಕಿ ನೋಡಿದೆ, ಸುತ್ತಿಗೆ ಹತ್ತೇ ಲೀಟರ್. ಮಳೆ ಬಂದರೆ ಆದೀತು, ಒಣ ಟ್ರ್ಯಾಕಿನಲ್ಲಿ ಬೇಡ ಅಂದಿದ್ದೇನೆ.